ಹಾವಗೆಪ್ಪನ ಸಮುದ್ರ ಮತ್ತು ಒಂದು ಚೀಲ ಉಪ್ಪು

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂದು ಗಾದೆ ಮಾಡಿದವರಿಗೆ ಬೀದರದ ಕಾಂತಾಬಾಯಿಯ ಪರಿಚಯ ಇರಲಿಲ್ಲ. ಕಾಂತಾಬಾಯಿ ಮುಂಬೈ ಊರಿಗೆ ಬಂದಳು, ಎರಡು ದಿನ ಇದ್ದಳು, ಸಮುದ್ರದ ನೀರಿಗೆ ಮಾತ್ರ ಬರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಅಲ್ಲಿದ್ದ ಆಕೆಯ ಭಾವ ತೀರಿಕೊಂಡಾಗ ರೈಲು ಹತ್ತಿ ಹೋಗಿದ್ದಳು. ಸಾವಿನ ಮನೆಗೆ ಹೋದವರು ಬೇರೆಲ್ಲೂ ನಿಲ್ಲದೆ ಸೀದಾ ತಮ್ಮ ಮನೆಗೆ ಬರಬೇಕು, ಅದು ರಿವಾಜು. ಸಮುದ್ರ ಆ ಮನೆಯಿಂದ ಹತ್ತು ನಿಮಿಷದ ದಾರಿ. ಅದರ ಸಪ್ಪಳ ಕಿಟಕಿಯಿಂದ ಕೇಳುತ್ತಿತ್ತಂತೆ. ರಿವಾಜು ಮುರಿಯದ ಕಾಂತಾಬಾಯಿ ಆ ಸಪ್ಪಳವನ್ನಷ್ಟೇ ಕಿವಿಯಲ್ಲಿ ಇಟ್ಟುಕೊಂಡು ಬೀದರಕ್ಕೆ ಮರಳಿದಳು. ಅಂದಿನಿಂದ ಆಕೆಯದು ಒಂದೇ ದೂರು: "ಸಮುದ್ರ ಕೇಳೇನಿ, ನೋಡಿಲ್ಲ."

ದೂರು ಸ್ವೀಕರಿಸಬೇಕಾದವನು ಮಗ ಹಾವಗೆಪ್ಪ. ಪ್ರತಿ ವರ್ಷವೂ ಆತ "ಈ ದೀಪಾವಳಿಗಿ ಹೋಗೋಣು ಅವ್ವ" ಎನ್ನುತ್ತಿದ್ದ. ಪ್ರತಿ ದೀಪಾವಳಿಯೂ ಆತನ ಮಾತು ಕೇಳಿಸಿಕೊಳ್ಳದೆ ಬಂದು ಹೋಗುತ್ತಿತ್ತು. ಕಳೆದ ವರ್ಷ ಕಾಂತಾಬಾಯಿ ಬಚ್ಚಲದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಎದೆ ಕಮಜೋರು ಇದೆ, ಆಪರೇಷನ್ ತಾಳುವುದಿಲ್ಲ, ಎಷ್ಟು ದಿನ ಎಂದು ಹೇಳಲಿಕ್ಕೂ ಆಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಮಂಚ ಹಿಡಿದ ತಾಯಿಯನ್ನು ನೋಡಿದಾಗಲೆಲ್ಲ ಹಾವಗೆಪ್ಪನಿಗೆ ಮೂವತ್ತೊಂದು ದೀಪಾವಳಿಗಳು ಸಾಲಾಗಿ ನಿಂತು ತನ್ನನ್ನು ಬಯ್ಯುತ್ತಿರುವಂತೆ ಅನ್ನಿಸುತ್ತಿತ್ತು.

ಈ ಹಾವಗೆಪ್ಪ ಒಂದು ಖಾಸಗಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅಟೆಂಡರು. ಇಪ್ಪತ್ತಾರು ವರ್ಷ ಪ್ರನಾಳ ತೊಳೆದಿದ್ದ. ಅಷ್ಟು ತೊಳೆದವನಿಗೆ ಒಳಗಿದ್ದದ್ದು ಸ್ವಲ್ಪವಾದರೂ ಹತ್ತಿಕೊಳ್ಳದೆ ಇರುತ್ತದೆಯೇ? "ನಾವು ಕೆಮಿಸ್ಟ್ರಿಯವರು" ಎಂದು ಮಾತು ಶುರುಮಾಡುವುದು ಆತನ ರೂಢಿ. ಮದುವೆ ಮನೆಯಲ್ಲಿ ಸಾರು ಹುಳಿಯಾದರೂ ಆತ ನೀಲಿ ಲಿಟ್ಮಸ್ ಕಾಗದ ಹುಡುಕುತ್ತಿದ್ದ. ಉದ್ದ ಮುಖ, ಜೋತುಬಿದ್ದ ಮೀಸೆ, ಸದಾ ಯಾರೋ ಹತ್ತಿರದವರು ಹೋದಂಥ ಕಳೆ. ಈ ಮುಖವೇ ಮುಂದಿನ ಅನಾಹುತಕ್ಕೆ ಅರ್ಧ ಕಾರಣ. ಉಳಿದರ್ಧ ಉಪ್ಪು.

ತಾಯಿ ಸಮುದ್ರಕ್ಕೆ ಹೋಗಲಾರಳು. ಹಾಗಾದರೆ ಸಮುದ್ರವೇ ಬರಬೇಕು. ಮೊಬೈಲಿನಲ್ಲಿ ಯಾರೋ ತಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಕಲ್ಲು, ಬಣ್ಣದ ಮೀನು ಇಟ್ಟು ನೀಲಿ ಬೆಳಕು ಬಿಟ್ಟಿದ್ದನ್ನು ನೋಡಿದ ದಿನವೇ ಹಾವಗೆಪ್ಪ ನಿರ್ಧಾರ ಮಾಡಿದ. ಬೀದರದಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಅಖೀಲ ಎಂಬ ತರುಣ ಎಲ್ಲವನ್ನೂ ಹೈದರಾಬಾದಿನಿಂದ ತರಿಸಿಕೊಡಲು ಒಪ್ಪಿದ. ಆದರೆ ಎರಡು ಶರತ್ತು ಹಾಕಿದ.

"ನೋಡ್ರಿ ಚಾಚಾ, ನೀರು ತುಂಬಿದ ಕೂಡ್ಲೆ ಮೀನ ಬಿಡ್ಲಿಕ್ಕ ಬರಲ್ಲ. ಮೊದ್ಲು ನೀರು ಹದಕ್ಕ ಬರಬೇಕು. ಕಣ್ಣಿಗಿ ಕಾಣಲಾರದ ಕ್ರಿಮಿ ಹುಟ್ಟಿ, ನೀರಿನಾಗಿನ ವಿಷ ತಿಂದು ಮುಗಿಸಬೇಕು. ಹಾಲು ಹೆಪ್ಪು ಆದಂಗ. ಅದಕ್ಕ ನಲವತ್ತು ದಿನಾ ಹಿಡೀತದ."

"ಗೊತ್ತದ. ಅಮೋನಿಯಾ, ನೈಟ್ರೈಟು, ನೈಟ್ರೇಟು. ನಾವು ಕೆಮಿಸ್ಟ್ರಿಯವರು."

"ಎರಡನೇದ್ದು, ಆ ನಲವತ್ತು ದಿನಾ ಲೈಟ ಹಚ್ಚಬ್ಯಾಡ್ರಿ. ಹಚ್ಚಿದ್ರ ಕಂದು ಪಾಚಿ ಕಟ್ತದ. ತೊಟ್ಟಿ ಮ್ಯಾಲ ಅರಿವಿ ಮುಚ್ಚಿ ಇಡ್ರಿ."

"ಉಪ್ಪು?"

"ಅದೂ ಹೈದರಾಬಾದದಿಂದ ಬರ್ತದ. ಸಮುದ್ರದ್ದೇ ಬ್ಯಾರೆ ಉಪ್ಪು ಇರ್ತದ್ರಿ."

ಇಲ್ಲಿ ಹಾವಗೆಪ್ಪ ನಕ್ಕ. ಉಪ್ಪೆಂದರೆ ಸೋಡಿಯಂ ಕ್ಲೋರೈಡು. ಅದು ಹೈದರಾಬಾದಿನಲ್ಲೂ ಅದೇ, ಬೀದರದಲ್ಲೂ ಅದೇ. ಇಷ್ಟು ಸಣ್ಣ ಸಂಗತಿ ಮೀನಿನ ಅಂಗಡಿಯವನಿಗೆ ತಿಳಿದಿಲ್ಲವಲ್ಲ ಎಂದು ಮರುಗಿದ. ಅಖೀಲನಿಗೆ ಪಾಠ ಕಲಿಸಬೇಕೆಂದು, ಆತನಿಗೆ ಹೇಳದೆ, ಭಾನುವಾರ ಬೆಳಿಗ್ಗೆ ಗಾಂಧಿ ಗಂಜ್ ಎಂಬ ಸಗಟು ಪೇಟೆಗೆ ಹೋದ.

ಗಂಜಿನಲ್ಲಿ ಕೈಲಾಶ ಸಾವಕಾರನದು ಬೇಳೆ-ಉಪ್ಪಿನ ಹಳೆಯ ಅಂಗಡಿ. ಮೂಲ ಊರು ಭಾಲ್ಕಿ ತಾಲೂಕಿನ ಹಲಬರ್ಗಾ; ಕಾಂತಾಬಾಯಿಯ ತವರೂ ಅದೇ. ಹಾಗಾಗಿ ಮನೆಯ ಸುದ್ದಿಯೆಲ್ಲ ಬಲ್ಲವನು.

"ಸಾವಕಾರ್ರ, ಒಂದು ಚೀಲ ಹಳ್ಳುಪ್ಪು ಕೊಡ್ರಿ. ಐವತ್ತು ಕಿಲೋದ್ದು," ಎಂದ ಹಾವಗೆಪ್ಪ ತನ್ನ ಎಂದಿನ ಮುಖದಲ್ಲಿ.

ಕೈಲಾಶ ಕೈಯಲ್ಲಿದ್ದ ತಕ್ಕಡಿಯನ್ನು ಮೆಲ್ಲಗೆ ಕೆಳಗಿಟ್ಟ. ಈ ಸೀಮೆಯಲ್ಲಿ ಉಪ್ಪಿನಕಾಯಿ ಹಾಕುವವರು ಐದು ಕಿಲೋ ಒಯ್ಯುತ್ತಾರೆ. ಚೀಲಗಟ್ಟಲೆ ಉಪ್ಪನ್ನು ಒಂದು ಮನೆಯವರು ಒಯ್ಯುವುದು ಒಂದೇ ಕಾರಣಕ್ಕೆ. ಮಣ್ಣು ಮಾಡುವ ಮನೆತನಗಳಲ್ಲಿ ಹೆಣ ಇಳಿಸಿದ ಗುಂಡಿಗೆ ಮೊದಲು ಉಪ್ಪು, ಆಮೇಲೆ ಮಣ್ಣು. ಹಾವಗೆಪ್ಪನದು ಮಣ್ಣು ಮಾಡುವ ಮನೆತನ.

"ಅವ್ವಾರು...?" ಎಂದು ಕೈಲಾಶ ಅರ್ಧಕ್ಕೇ ನಿಲ್ಲಿಸಿದ.

"ಅವ್ವನ ಸಲುವಾಗೇ ಒಯ್ಲತ್ತೇನ್ರಿ. ಭಾಳ ದಿನದ ಆಸೆ ಇತ್ತು ಆಕಿದು. ಬದುಕಿದ್ದಾಗ ಕರಕೊಂಡು ಹೋಗಬೇಕಿತ್ತು, ಆಗಲಿಲ್ಲ." ಗಟ್ಟಿಮುಟ್ಟಾಗಿ ಓಡಾಡಿಕೊಂಡು ಇದ್ದಾಗ ಎಂದು ಹೇಳಬೇಕಾದದ್ದನ್ನು ಹಾವಗೆಪ್ಪ ಅವಸರದಲ್ಲಿ ಹೀಗೆ ಹೇಳಿದ. ಹೇಳುತ್ತ ನಿಜವಾಗಿಯೂ ಆತನ ಕಣ್ಣು ತುಂಬಿದವು. "ಮತ್ತ ಬಿಳಿ ಅರಿವಿ ಯಾರ ಹತ್ರ ಛಲೋ ಸಿಗ್ತದ್ರಿ? ಮುಚ್ಚಲಿಕ್ಕ ಬೇಕು. ಆಮ್ಯಾಲ ಹೆಗಲ ಕೊಡ್ಲಿಕ್ಕ ನಾಕು ಮಂದಿ ಬೇಕು. ನಾಕು ಫೂಟಿಂದದ, ಭಾಳ ವಜ್ಜಿ ಅದ."

ನಾಕು ಫೂಟು ಎಂದರೆ ಹೆಣವನ್ನು ಕೂಡ್ರಿಸಿ ಒಯ್ಯುತ್ತಾರೆ ಎಂದು ಕೈಲಾಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉಪ್ಪಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬಿಳಿ ಅರಿವೆಯನ್ನು ಆಳು ಕಳಿಸಿ ತಾನೇ ತರಿಸಿಕೊಟ್ಟ. ಹಮಾಲ ಗುಲಾಮ ರಸೂಲನನ್ನು ಕರೆದು, ಇನ್ನು ಮೂವರನ್ನು ಜೊತೆಗೆ ಕೊಟ್ಟು, "ಸಾವಕಾಶ ಹೊರ್ರಪ್ಪ, ನಮ್ಮೂರ ಹೆಣ್ಣುಮಗಳು" ಎಂದ. ಬೀದರದ ವ್ಯಾಪಾರಿಗಳು ಎಷ್ಟು ಒಳ್ಳೆಯವರು ಎಂದು ಹಾವಗೆಪ್ಪ ದಾರಿಯುದ್ದಕ್ಕೂ ಹೊಗಳುತ್ತ ನಡೆದ.

ಅಖೀಲನ ಅಂಗಡಿಯ ಮುಂದೆ ಹಮಾಲರಿಗೆ ಹೊರಲು ಸಿಕ್ಕದ್ದು ಗಾಜಿನ ತೊಟ್ಟಿ. ಗುಲಾಮ ರಸೂಲ ಕ್ಷಣಕಾಲ ನೋಡಿದ. ಹಮಾಲ ಕೇಳುವುದಿಲ್ಲ, ಹೊರುತ್ತಾನೆ. ಹೊತ್ತ. ಬಿಳಿ ಅರಿವೆ ಹೊದ್ದ ನಾಕು ಫೂಟಿನ ಭಾರ, ನಾಲ್ವರ ಹೆಗಲು, ಮುಂದೆ ಉದ್ದ ಮುಖದ ಹಾವಗೆಪ್ಪ. ಬೀದಿಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಕಳಚಿ ಕೈಮುಗಿದರು. ಹಾವಗೆಪ್ಪ ಎಲ್ಲರಿಗೂ ತಿರುಗಿ ಕೈಮುಗಿದ.

ಮಧ್ಯಾಹ್ನ ಅಖೀಲ ಹೈದರಾಬಾದಿನ ಉಪ್ಪು, ಮರಳು, ಕಲ್ಲುಗಳ ಜೊತೆ ಬಂದು ಗಂಜಿನ ಚೀಲ ಕಂಡು ಹೌಹಾರಿದ. "ಚಾಚಾ, ಇದು ಹಾಕಿದ್ರ ಸಮುದ್ರ ಆಗಲ್ಲ, ಉಪ್ಪಿನಕಾಯಿ ಆಗ್ತದ!" ಎಂದು ಚೀಲವನ್ನು ಎಳೆದು ಮೆಟ್ಟಿಲ ಕೆಳಗೆ ನೂಕಿದ. ಕೆಮಿಸ್ಟ್ರಿಯವರು ಗಂಟಲು ಸರಿಮಾಡಿಕೊಂಡು ಮರಳು ತೊಳೆಯಲು ಹೋದರು. ಪಡಸಾಲೆಯಲ್ಲಿ ಜಾಗ ಆಗಲೆಂದು ಕಾಂತಾಬಾಯಿಯ ಮಂಚವನ್ನು ಅಂದಿನ ಮಟ್ಟಿಗೆ ಒಳಕೋಣೆಗೆ ಸರಿಸಿದರು. ತೊಟ್ಟಿಗೆ ನೀರು ತುಂಬಿತು, ಕಲ್ಲು ಕೂತವು. ಯಾವುದೋ ಹಳೆಯ ತೊಟ್ಟಿಯಲ್ಲಿ ಎರಡು ವರ್ಷ ನೆನೆದು ಬಂದ ಕಲ್ಲುಗಳು. ದಾರಿಯಲ್ಲಿ ಅವುಗಳ ಮೇಲಿನ ಜೀವ ಸ್ವಲ್ಪ ಸತ್ತಿತ್ತು. ಸಂಜೆಯ ಹೊತ್ತಿಗೆ ಮನೆತುಂಬ ಕೊಳೆತ ವಾಸನೆ. ಮೇಲೆ ದೀಪದ ಪಟ್ಟಿ ತೂಗುಹಾಕಿ, ಗೋಡೆಯ ಸ್ವಿಚ್ಚಿಗೆ ಕೆಂಪು ಚೀಟಿ ಅಂಟಿಸಿ, ಇಡೀ ತೊಟ್ಟಿಗೆ ಬಿಳಿ ಅರಿವೆ ಮುಚ್ಚಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮಲ್ಲಿ ಬರವಿಲ್ಲ. ಕೈಲಾಶ ಹಲಬರ್ಗಾಕ್ಕೆ ಫೋನು ಮಾಡಿದ್ದ. ಹಲಬರ್ಗಾ ಔರಾದಿಗೆ ಫೋನು ಮಾಡಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲ ಮುಂದೆ ಟೆಂಪೋ ನಿಂತಿತು. ಹಲಬರ್ಗಾದಲ್ಲಿದ್ದ ಹಾವಗೆಪ್ಪನ ಸೋದರತ್ತೆ ಎದೆ ಬಡಿದುಕೊಂಡೇ ಇಳಿದಳು. ಹಿಂದೆ ಮೂವತ್ತು ಜನ, ಅವರ ತಲೆಯ ಮೇಲೆ ಬುತ್ತಿಯ ಗಂಟುಗಳು. ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ. ಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಮೊಸರು ಎಲ್ಲ ಕಟ್ಟಿಕೊಂಡು ಬಂದಿದ್ದರು. ಹಾವಗೆಪ್ಪ ಆಗ ಅಮೋನಿಯಾ ಅಳೆಯಲು ಪ್ರನಾಳ ತರಲು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿದ್ದ. ರಜೆಯ ಚೀಟಿ ಕೊಟ್ಟು ಹಾಗೇ ಬರುವವನಿದ್ದ. ಆತನ ಹೆಂಡತಿ ಪೂನಮ ಬಚ್ಚಲದಲ್ಲಿದ್ದಳು.

ತಡೆಯುವವರಿಲ್ಲದ ಮನೆಗೆ ಹೆಂಗಸರು ನುಗ್ಗಿದರು. ಪಡಸಾಲೆಯಲ್ಲಿ ಬಿಳಿ ಅರಿವೆ ಹೊದ್ದ ಉದ್ದನೆಯದೊಂದು ಇತ್ತು. ವಾಸನೆಯೂ ಇತ್ತು. ಮತ್ತೇನು ಬೇಕು? ಸುತ್ತ ಕೂತು ದನಿ ತೆಗೆದರು.

"ಎಷ್ಟು ಸೊರಗೀದಿ ನಮ್ಮವ್ವಾ! ಇಷ್ಟೇ ಇಷ್ಟು ಆದೀ!"

"ಒಂದೇ ದಿನಕ್ಕ ನಾತ ಹೊಡೀಲತ್ತದ, ಲಗೂನ ಒಯ್ರಿ ಅನ್ರಿ!"

ಅಷ್ಟರಲ್ಲಿ ಔರಾದಿನ ಬಸ್ಸಿನಿಂದ ಮಗಳು ಮಹಾನಂದಾ ಇಳಿದಳು. ಹಾವಗೆಪ್ಪನ ಅಕ್ಕ. ತಾಯಿಯ ತಾಮ್ರದ ಹಂಡೆಯನ್ನು ಹೇಳದೆ ಒಯ್ದಳೆಂಬ ಜಗಳದಲ್ಲಿ ನಾಲ್ಕು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಓಣಿಯ ತುದಿಯಿಂದಲೇ ಅಳುತ್ತ ಬಂದವಳು ತೊಟ್ಟಿಯ ಮೇಲೆ ಬಿದ್ದು ಅಪ್ಪಿಕೊಂಡಳು. "ಹಂಡೆ ನಿಂದೇ ಅವ್ವಾ! ನಾಳಿಗೇ ತಂದು ಕೊಡ್ತೇನಿ, ಒಂದು ಸಲ ಕಣ್ಣು ತೆಗೀ!"

ಒಳಕೋಣೆಯಿಂದ ದನಿ ಬಂತು. "ನಾಳಿಗಿ ಯಾವಾಗ ತರ್ತೀ? ಬೆಳಿಗ್ಗ್ಯೋ ಸಂಜಿಗ್ಯೋ?"

ಪಡಸಾಲೆಯ ಅಳು ಗಕ್ಕನೆ ನಿಂತಿತು. ಸೋದರತ್ತೆ ಅರಿವೆಯ ತುದಿ ಎತ್ತಿದಳು. ಒಳಗೆ ನೀರು, ನಾಲ್ಕು ಕಲ್ಲು. "ಅಯ್ಯೋ, ನೀರಾಗಿ ಹೋಗ್ಯಾಳ!" ಎಂದು ಕಿರುಚಿ ಹಿಂದಕ್ಕೆ ಬಿದ್ದಳು. ಆಕೆಯ ಮುಖಕ್ಕೆ ನೀರು ಚಿಮುಕಿಸಲು ಯಾರೋ ತೊಟ್ಟಿಗೇ ಕೈ ಹಾಕಿದರು. ಉಪ್ಪುನೀರು ಕಣ್ಣಿಗೆ ಹೋಗಿ ಆಕೆ ಇನ್ನೂ ಜೋರಾಗಿ ಕೂಗಿದಳು. ಗದ್ದಲ ಕೇಳಿ ಪಕ್ಕದ ಮನೆಯ ಶಾಕಿರಾ ಬೇಗಂ ಓಡಿಬಂದಳು. ಮೂವತ್ತು ವರ್ಷದ ನೆರೆಯವಳು, ಕಾಂತಾಬಾಯಿಗೆ ದಿನಕ್ಕೆರಡು ಸಲ ಮಾತಿನ ಜೊತೆಗಾತಿ. "ಯಾ ಅಲ್ಲಾ! ಯಾರ್ರೀ ಸತ್ತವ್ರು? ಕಾಂತಾಬಾಯಿ ಈಗರೇ ನನ್ನ ಕೈಲಿ ಚಾ ಕುಡಿದಾಳ!"

ಪ್ರನಾಳ ಹಿಡಿದು ಮರಳಿದ ಹಾವಗೆಪ್ಪನ ಮೇಲೆ ಮೂವತ್ತೊಂದು ಜನ ಒಮ್ಮೆಗೇ ಬಿದ್ದರು. ಆತ ಅಮೋನಿಯಾದಿಂದ ಶುರುಮಾಡಿದ. ಯಾರಿಗೂ ಬೇಕಾಗಿರಲಿಲ್ಲ.

ಆಮೇಲೆ ಎದ್ದದ್ದು ಧರ್ಮಸೂಕ್ಷ್ಮದ ಪ್ರಶ್ನೆ. ಸಾವಿನ ಮನೆಗೆ ತಂದ ಬುತ್ತಿ ಸಾಯದ ಮನೆಯಲ್ಲಿ ಬಿಚ್ಚಬಹುದೇ? ವಾಪಸು ಒಯ್ದರೆ ಅಪಶಕುನ, ಇಲ್ಲೇ ಉಂಡರೆ ಇನ್ನೂ ದೊಡ್ಡ ಅಪಶಕುನ. ಹಿರಿಯರು ಅರ್ಧ ತಾಸು ವಾದಿಸಿದರು. ಕೊನೆಗೆ ಕಾಂತಾಬಾಯಿಯೇ ತೀರ್ಪು ಕೊಟ್ಟಳು. "ನನ್ನ ಸಲುವಾಗಿ ತಂದೀರಿ. ನನಗ ಹಸಿವಾಗ್ಯದ. ಬಡಸ್ರಿ." ತನ್ನ ಸಾವಿನ ಜುಣಕವನ್ನು ತಾನೇ ಉಂಡು, ಉಪ್ಪು ಸ್ವಲ್ಪ ಮುಂದಾಗಿದೆ ಎಂದಳು.

ಮಹಾನಂದಾ ಮಾತ್ರ ಉಣ್ಣಲಿಲ್ಲ. ನಾಲ್ಕು ವರ್ಷದ ಹಟವನ್ನು ಒಂದು ಗಾಜಿನ ಡಬ್ಬಿಯ ಮುಂದೆ ಬಿಟ್ಟುಕೊಟ್ಟೆನಲ್ಲ ಎಂದು ಆಕೆಗೆ ಸಿಟ್ಟು. "ಸಾಯಲಾರದ ಮನಿಗಿ ಅಳ್ಲಿಕ್ಕ ಕರಸ್ತೀರಿ! ಅಳೂದೆಲ್ಲ ಅತ್ತು ಮುಗಿಸೇನಿ. ಇನ್ನ ನನ್ನ ಕರೀಬ್ಯಾಡ," ಎಂದು ಸೆರಗು ಕೊಡವಿ ಹೊರಟಳು. ಕಾಂತಾಬಾಯಿ ಬಾಗಿಲ ಕಡೆಗೇ ನೋಡುತ್ತ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟಳು.

ಟೆಂಪೋ ಹೋದ ಮೇಲೆ ಮಂಚವನ್ನು ಮತ್ತೆ ಪಡಸಾಲೆಗೆ ತಂದು, ತೊಟ್ಟಿಗೆ ಎದುರಾಗಿ ಹಾಕಿದರು. ಕಾಂತಾಬಾಯಿ ಕೈ ಚಾಚಿ ಒಂದು ಬೆರಳು ನೀರಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಖರೇನೇ ಉಪ್ಪು ಅದ. ಹಾವಗ್ಯಾ, ದೀಪ ಹಾಕು, ನೋಡ್ತೇನಿ."

"ನಲವತ್ತು ದಿನಾ ತಡೀ ಅವ್ವ. ಈಗ ಬೆಳಕ ಬಿದ್ರ ಪಾಚಿ ಕಟ್ತದ. ವಿಜ್ಞಾನ."

"ನಾ ನಲವತ್ತು ದಿನಾ ಇರ್ತೇನೋ ಇಲ್ಲೋ."

"ಇರ್ತೀ ಇರ್ತೀ. ಎಲ್ಲಾ ಲೆಕ್ಕ ಹಾಕೇನಿ," ಎಂದ ಹಾವಗೆಪ್ಪ, ಅದೂ ಪ್ರನಾಳದಲ್ಲಿ ಅಳೆದು ತಿಳಿದ ಸಂಗತಿ ಎಂಬಂತೆ. ಕಾಂತಾಬಾಯಿ ಸೊಸೆಯ ಮುಖ ನೋಡಿದಳು. ಪೂನಮ ತೊಟ್ಟಿಯ ಅರಿವೆ ಸರಿಮಾಡಿದಳು.

ಮಂಗಳವಾರ ಕಾಲೇಜಿಗೆ ಹೋದರೆ ನೋಟೀಸು ಹಲಗೆಯಲ್ಲಿ ಕಪ್ಪು ಅಂಚಿನ ಕಾಗದ. ರಜೆಯ ಚೀಟಿಯಲ್ಲಿ ಹಾವಗೆಪ್ಪ "ತಾಯಿಯವರ ನಿಮಿತ್ತ" ಎಂದಷ್ಟೇ ಬರೆದಿದ್ದ. ಗಂಜಿನ ಸುದ್ದಿ ಉಳಿದದ್ದನ್ನು ತುಂಬಿತ್ತು. ಸೋಮವಾರ ಸಂತಾಪ ಸಭೆ ನಡೆದು, ವಿದ್ಯಾರ್ಥಿಗಳಿಗೆ ಅರ್ಧ ದಿನ ರಜೆ ಸಿಕ್ಕು, ಅವರೆಲ್ಲ ಕಾಂತಾಬಾಯಿಯ ಆತ್ಮಕ್ಕೆ ಮನಸಾರೆ ಶಾಂತಿ ಕೋರಿ ಕ್ರಿಕೆಟ್ಟಿಗೆ ಹೋಗಿದ್ದರು. ಹಾವಗೆಪ್ಪ ಪ್ರಿನ್ಸಿಪಾಲ ಫಕ್ರೋದ್ದೀನ ಸಾಹೇಬರ ಮುಂದೆ ನಿಂತು ತಾಯಿ ಬದುಕಿದ್ದಾಳೆಂದು ಅರಿಕೆ ಮಾಡಿಕೊಂಡ.

ಸಾಹೇಬರು ಕನ್ನಡಕ ತೆಗೆದರು. "ಹಾವಗೆಪ್ಪ, ಠರಾವು ಪಾಸ್ ಆಗ್ಯದ. ಎರಡು ನಿಮಿಷ ಎಲ್ಲಾರೂ ಮೌನ ನಿಂತೇವಿ. ಆ ಎರಡು ನಿಮಿಷ ಈಗ ಹ್ಯಾಂಗ ವಾಪಸ್ ತರಬೇಕು, ಹೇಳ್ರಿ?"

"ತಪ್ಪಾಗ್ಯದ್ರಿ ಸಾಹೇಬ್ರ."

"ತಾಯಿ ತೀರಿದ್ದಕ್ಕ ಅಂತ ಮೂರು ದಿನದ ರಜಾ ಮಂಜೂರ್ ಆಗಿ ರಜಿಸ್ಟರದಾಗ ಏರ್ಯದ. ಜೀವಮಾನದಾಗ ಒಂದೇ ಸಲ ಸಿಗೂದದು. ಈಗೇ ತಗೊಳ್ರಿ, ಇಲ್ಲಂದ್ರ ಕೆಡ್ತದ."

ಹೀಗೆ ಹಾವಗೆಪ್ಪ ಇನ್ನೂ ಎರಡು ದಿನ ಮನೆಯಲ್ಲಿ ಕೂತು ಶೋಕಾಚರಣೆ ಮಾಡಿದ. ತಾಯಿ ತಲೆಗೆ ಎಣ್ಣೆ ಹಚ್ಚಿಕೋ ಎಂದು ಆತನನ್ನು ಬಯ್ಯುತ್ತಿದ್ದಳು.

ಆಮೇಲಿನ ದಿನಗಳು ಹಾವಗೆಪ್ಪನ ನೋಟುಬುಕ್ಕಿನಲ್ಲಿವೆ. ದುಂಡು ಅಕ್ಷರ, ನಾಲ್ಕು ಅಂಕಣ: ದಿನ, ಅಮೋನಿಯಾ, ನೈಟ್ರೈಟು, ಬೆಳಕು. ಬೆಳಕಿನ ಅಂಕಣದಲ್ಲಿ ಪ್ರತಿದಿನ "ಇಲ್ಲ". ಅಮೋನಿಯಾ ಏರಿತು, ಇಳಿಯಿತು; ನೈಟ್ರೈಟು ಏರಿತು. ಎಲ್ಲ ಅಖೀಲ ಹೇಳಿದ ಪ್ರಕಾರವೇ ನಡೆದಿತ್ತು. ಆದರೆ ಹನ್ನೆರಡನೆಯ ದಿನ ಒಂದು ವಿಚಿತ್ರ ಕಂಡಿತು. ಗಾಜಿನ ಮೇಲೆ, ಮರಳಿನ ಮೇಲೆ, ತೆಳ್ಳಗೆ ಕಂದು ಪಾಚಿ.

ಬೆಳಕಿಲ್ಲದೆ ಪಾಚಿ! ಕೆಮಿಸ್ಟ್ರಿಯವರು ನಿದ್ದೆಗೆಟ್ಟರು. ಮೊದಲು ಕಿಟಕಿಗೆ ಕಪ್ಪು ಕಾಗದ ಅಂಟಿಸಿದರು. ಪಾಚಿ ನಿಲ್ಲಲಿಲ್ಲ. ಶಾಕಿರಾ ಬೇಗಂಳ ಮನೆಯ ಟ್ಯೂಬಲೈಟಿನ ಮೇಲೆ ಸಂಶಯ ಬಂದು, ಸಂಜೆ ಅದನ್ನು ಆರಿಸಬೇಕೆಂದು ವಿನಂತಿಸಿದರು. "ಭಾಯಿ, ನಮ್ಮ ಲೈಟ ನಮ್ಮ ಮನಿ ಗೋಡಿ ದಾಟಂಗಿಲ್ಲ, ನಿಮ್ಮ ತೊಟ್ಟಿಗಿ ಹ್ಯಾಂಗ ಬರ್ತದ?" ಎಂದ ಶಾಕಿರಾ ಬೇಗಂ ಯಾಕೋ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೇವರ ಕೋಣೆಯ ನಂದಾದೀಪವನ್ನೂ ಹಾವಗೆಪ್ಪ ಬಿಡಲಿಲ್ಲ; ಅದಕ್ಕೊಂದು ತಗಡಿನ ಮರೆ ಮಾಡಿದ. ಪ್ರತಿ ಸಂಜೆ ಕಾಲೇಜಿನಿಂದ ಬಂದವನೇ ಅರಿವೆ ಎತ್ತಿ, ಟಾರ್ಚು ಹಿಡಿದು, ಗಾಜನ್ನು ಕೆರೆದು ಒರೆಸುತ್ತಿದ್ದ. ಪ್ರತಿ ಮರುದಿನ ಪಾಚಿ ಮತ್ತೆ ಬರುತ್ತಿತ್ತು. ನೋಟುಬುಕ್ಕಿನ ಅಂಚಿನಲ್ಲಿ ಬರೆದ: "ಕಾರಣ ತಿಳಿಯಲಿಲ್ಲ."

ಮಂಚದ ಮೇಲಿನ ಕಾಂತಾಬಾಯಿ ಮಗನ ಒದ್ದಾಟ ನೋಡುತ್ತಿದ್ದಳು. ಆಕೆಯ ಉಸಿರು ಆಗಲೇ ಸಣ್ಣಗಾಗಿತ್ತು. ದೀಪದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವ್ವ ವಿಜ್ಞಾನಕ್ಕೆ ಒಪ್ಪಿಕೊಂಡಳು ಎಂದು ಹಾವಗೆಪ್ಪನಿಗೆ ಸಮಾಧಾನವಾಗಿತ್ತು.

ಮೂವತ್ತಮೂರನೆಯ ದಿನ, ಗುರುವಾರ, ಬೆಳಗಿನ ಚಹಾ ಒಯ್ದ ಪೂನಮ ಕಪ್ಪನ್ನು ಕೆಳಗಿಟ್ಟು ಹಾವಗೆಪ್ಪನನ್ನು ಕೂಗಿದಳು. ಕಾಂತಾಬಾಯಿ ತೊಟ್ಟಿಯ ಕಡೆಗೆ ಮುಖಮಾಡಿ ಮಲಗಿದ್ದಳು. ಉಸಿರಿರಲಿಲ್ಲ.

ಹಾವಗೆಪ್ಪ ಫೋನು ಹಿಡಿದ. ಹಲಬರ್ಗಾದ ಸೋದರತ್ತೆ ಪೂರ್ತಿ ಕೇಳಿ, "ಮತ್ತೊಂದು ತೊಟ್ಟಿ ತಂದೀ ಏನಪ್ಪ?" ಎಂದಳು. "ಇಲ್ಲ ಅತ್ತಿ, ಖರೇ ಹೋದಳು" ಎಂದು ಆತ ಅತ್ತರೆ, "ಹೋದ ಸಲಾನೂ ನೀ ಗಂಜಿನಾಗ ಅತ್ತಿದ್ಯಂತ" ಎಂದು ಫೋನು ಇಟ್ಟಳು. ಫಕ್ರೋದ್ದೀನ ಸಾಹೇಬರು, "ರಜಿಸ್ಟರ ಪ್ರಕಾರ ನಿಮ್ಮ ತಾಯಿ ಹೋದ ತಿಂಗಳೇ ತೀರ್ಯಾರ. ಎರಡನೇ ಸಲಕ್ಕ ಅವಕಾಶ ಇಲ್ಲ" ಎಂದರು. ಅಕ್ಕ ಮಹಾನಂದಾ ಫೋನನ್ನೇ ಎತ್ತಲಿಲ್ಲ. ತಾಯಿ ಸತ್ತಾಗ ಅಳುವುದೊಂದೇ ಕೆಲಸ ಎಂದುಕೊಂಡಿದ್ದ ಹಾವಗೆಪ್ಪನಿಗೆ ಅದನ್ನು ಜನರಿಗೆ ಸಾಬೀತು ಮಾಡುವ ಕೆಲಸವೂ ಬಿತ್ತು. ಆ ಮುಂಜಾನೆಯಷ್ಟು ಒಂಟಿತನ ಆತ ಎಂದೂ ಉಂಡಿರಲಿಲ್ಲ.

ಕೊನೆಗೆ ಶಾಕಿರಾ ಬೇಗಂ ತನ್ನ ಫೋನಿನಿಂದ ಔರಾದಿಗೆ ಹಚ್ಚಿದಳು. "ಮಹಾನಂದಾ, ಈ ಸಲ ಖರೇ ಅದ ಬೇಟಿ. ನಾನೇ ಕಣ್ಣು ಮುಚ್ಚಸೇನಿ." ಇಷ್ಟೇ ಹೇಳಿದಳು.

ಹನ್ನೊಂದರ ಬಸ್ಸಿಗೆ ಮಹಾನಂದಾ ಬಂದಳು. ಈ ಸಲ ಓಣಿಯ ತುದಿಯಿಂದ ಅಳಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ ತಾಮ್ರದ ಹಂಡೆಯನ್ನು ಬಗಲಲ್ಲಿ ಹಿಡಿದು, ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಅದಕ್ಕೆ ನೀರು ತುಂಬಿ ಒಲೆಯ ಮೇಲಿಟ್ಟಳು. ತಾಯಿಯ ಕೊನೆಯ ಸ್ನಾನಕ್ಕೆ ಆ ಹಂಡೆಯ ನೀರೇ ಆಯಿತು. ನೀರು ಹಾಕುವಾಗ ಮಾತ್ರ, "ತಂದೇನಿ ನೋಡವ್ವ, ಬೆಳಿಗ್ಗ್ಯೇ ತಂದೇನಿ" ಎಂದು ಕುಸಿದು ಕೂತಳು.

ಹೋದ ಸಲ ಮೂವತ್ತು ಜನ ಬಂದಿದ್ದರು. ಈ ಸಲ ಓಣಿಯವರೂ ಸೇರಿ ಹದಿಮೂರು. ಯಾರೂ ಕರೆಯದೆ ಬಂದವರೆಂದರೆ ಗುಲಾಮ ರಸೂಲ ಮತ್ತು ಆತನ ಮೂವರು. ಗಂಜಿನಲ್ಲಿ ಸುದ್ದಿ ಕೇಳಿ ಎಲ್ಲರೂ ನಕ್ಕಾಗ ಆತ ನಕ್ಕಿರಲಿಲ್ಲ. "ಹೋದ ಸಲ ಹೆಗಲು ಕೊಟ್ಟೇವಿ, ಕೆಲಸ ಅರ್ಧಾ ಉಳಿದಿತ್ತು," ಎಂದ. ಉಪ್ಪು ಎಲ್ಲಿ ತರಬೇಕು ಎಂದು ಯಾರೋ ಕೇಳಿದರು. ಹಾವಗೆಪ್ಪ ಮೆಟ್ಟಿಲ ಕೆಳಗೆ ಬೆರಳು ಮಾಡಿದ. ಗಂಜಿನ ಚೀಲ ಬಾಯಿ ಬಿಚ್ಚದೆ ಹಾಗೇ ಇತ್ತು. ಕೈಲಾಶ ಸಾವಕಾರನ ಲೆಕ್ಕ ತಪ್ಪಿರಲಿಲ್ಲ. ಮೂವತ್ತೆರಡು ದಿನ ಮುಂಚೆ ಮಾಡಿದ್ದ, ಅಷ್ಟೇ. ಗುಂಡಿ ಮುಚ್ಚುವ ಹೊತ್ತಿಗೆ ಸಾವಕಾರನೇ ಓಡಿಬಂದು, ಒಂದು ಹಿಡಿ ಉಪ್ಪನ್ನು ತನ್ನ ಕೈಯಿಂದ ಹಾಕಿ, ಮುಖ ತಗ್ಗಿಸಿ ನಿಂತ.

ಮಣ್ಣಿಗೆ ಹೋದವರು ಮನೆಗೆ ಮರಳಿ, ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿದ ದೀಪ ನೋಡಿಯೇ ತಮ್ಮ ತಮ್ಮ ಮನೆಗೆ ಹೋಗಬೇಕು. ಪಡಸಾಲೆಯಲ್ಲಿ, ಮಂಚ ಇದ್ದ ಜಾಗದಲ್ಲಿ, ಒಂದು ಪಣತಿ ಉರಿಯುತ್ತಿತ್ತು. ಜನ ಬಂದರು, ನೋಡಿದರು, ಹೋದರು. ಹಾವಗೆಪ್ಪ, ಮಹಾನಂದಾ, ಪೂನಮ ಉಳಿದರು. ಹಾವಗೆಪ್ಪ ಪಣತಿಯನ್ನು ನೋಡಲಿಲ್ಲ. ಅದರ ಹಿಂದೆ ಬಿಳಿ ಅರಿವೆ ಹೊದ್ದು ಕತ್ತಲಲ್ಲಿ ನಿಂತ ತೊಟ್ಟಿಯನ್ನು ನೋಡುತ್ತಿದ್ದ.

"ಒಂದು ಸ್ವಿಚ್ಚು ಒತ್ತೂದಿತ್ತು," ಎಂದ. "ಕೈಯಳತಿ ದೂರದಾಗ ಸಮುದ್ರ ಇಟ್ಟು, ಆಕಿಗಿ ತೋರಸಲಿಲ್ಲ. ಮುಂಬೈದಾಗೂ ಹಂಗೇ ಆತು, ಇಲ್ಲೂ ಹಂಗೇ ಆತು." ಉದ್ದ ಮುಖದ ಆ ಮನುಷ್ಯ ಮೊದಲ ಸಲ ಮುಖಕ್ಕೆ ತಕ್ಕಷ್ಟು ಅತ್ತ.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಹಿಂದಿನ ಬಾಗಿಲಿನಿಂದ ಶಾಕಿರಾ ಬೇಗಂ ಒಳಗೆ ಬಂದಳು. ಯಾರನ್ನೂ ಕೇಳದೆ, ಮೂಲೆಯಲ್ಲಿದ್ದ ಸಣ್ಣ ಸ್ಟೂಲನ್ನು ಎಳೆದು ತೊಟ್ಟಿಯ ಎಡಕ್ಕೆ ಹಾಕಿ ಕೂತಳು. ಪೂನಮ ಎದ್ದು, ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ತೆಗೆದಿಟ್ಟು, ಗೋಡೆಯ ಕಡೆ ನೋಡದೆಯೇ ಕೈ ಚಾಚಿ ಸ್ವಿಚ್ಚು ಒತ್ತಿದಳು.

ಪಡಸಾಲೆಯೆಲ್ಲ ನೀಲಿಯಾಯಿತು. ನೀರಿನ ಅಲೆಯ ನೆರಳು ಸೂರಿನ ಮೇಲೆ ಅಲ್ಲಾಡಿತು.

"ಏಯ್! ಇನ್ನ ಏಳು ದಿನ..." ಎಂದು ಹಾವಗೆಪ್ಪ ಅಭ್ಯಾಸಬಲದಿಂದ ಕೂಗಿದವನು ಬಾಯಿ ತೆರೆದೇ ನಿಂತ. ಕೆಂಪು ಚೀಟಿಯ ಅಂಚು ಬೆರಳು ತಾಗಿ ತಾಗಿ ಸವೆದಿತ್ತು. ಇಷ್ಟು ದಿನ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ದಿನಾ ನಾಕಕ್ಕ ಹಚ್ಚತಿದ್ದೆವ್ರಿ," ಎಂದಳು ಪೂನಮ, ತಲೆ ಎತ್ತದೆ. "ನೀವು ಬರೂದರಾಗ ಆರಸ್ತಿದ್ದೆವು. ನೀವು ಮನ್ಯಾಗಿದ್ದ ದಿನಾ, ನೀವು ಹೊರಗ ಹೋದ ಹೊತ್ತು ನೋಡಿ ಹಚ್ಚತಿದ್ದೆವು. ನೀವು ಒಲ್ಲೆ ಅಂದ ದಿನಾನೇ ಅತ್ತಿಯವರು ನನಗ ಕೇಳಿದ್ರು. ನಿಮಗ ಹೇಳಬ್ಯಾಡ ಅಂದಿದ್ರು. ಅವನ ವಿಜ್ಞಾನ ಅವನಿಗಿರಲಿ, ಬೇಜಾರ ಮಾಡ್ಕೋತಾನ ಅಂದ್ರು."

"ನನ್ನ ಮ್ಯಾಲ ಗುಮಾನಿ ಮಾಡಿದ್ರಿ ನೀವು, ಟ್ಯೂಬಲೈಟ ಅಂತ," ಎಂದು ಶಾಕಿರಾ ಬೇಗಂ ಕಣ್ಣೊರೆಸಿಕೊಂಡಳು. "ಬಾಯಿ ನಕ್ಕು ನಕ್ಕು ಸಾಕಾಗಿದ್ದಳು ಅವತ್ತು."

ಮಹಾನಂದಾ ಗಾಜಿನ ಹತ್ತಿರ ಬಂದು ಬಗ್ಗಿದಳು. "ಒಳಗ ಏನೋ ಅದ."

ಕಲ್ಲಿನ ಸಂದಿಯಿಂದ ಕಡಲೆಕಾಳಿನಷ್ಟು ಒಂದು ಬಸವನಹುಳು ಹೊರಬಂದು, ಗಾಜು ಹತ್ತಿ, ಕಂದು ಪಾಚಿಯನ್ನು ಮೇಯುತ್ತ ನಿಧಾನಕ್ಕೆ ಸಾಗುತ್ತಿತ್ತು. ಹೈದರಾಬಾದಿನ ಕಲ್ಲಿನ ಜೊತೆ ಹೇಳದೆ ಬಂದದ್ದು. ಹಾವಗೆಪ್ಪನ ಟಾರ್ಚಿಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

"ಅದಕ್ಕ ಹೆಸರಿಟ್ಟಿದ್ರು ಅತ್ತಿಯವರು," ಎಂದಳು ಪೂನಮ.

"ಏನಂತ?"

ಪೂನಮ ಸೆರಗನ್ನು ಬಾಯಿಗೆ ಹಿಡಿದು ಶಾಕಿರಾ ಬೇಗಂಳ ಕಡೆ ನೋಡಿದಳು. ಶಾಕಿರಾ ಬೇಗಂಳೇ ಹೇಳಿದಳು. "ಹಾವಗ್ಯಾ ಅಂತ. ಜೋತ ಮಾರಿ ಮಾಡ್ಕೊಂಡು ದಿನಾ ಗ್ಲಾಸ್ ಒರಸ್ತದ, ನನ್ನ ಮಗನಂಗೇ, ಅಂತಿದ್ದಳು."

ಮಹಾನಂದಾಳಿಗೆ ಅಳುವಿನ ನಡುವೆ ನಗು ಬಂತು. ಹಾವಗೆಪ್ಪ ನಗಲಿಲ್ಲ. ಗಾಜು ಕೆರೆಯುವ ಪಟ್ಟಿಯನ್ನು ಕೈಗೆ ತೆಗೆದುಕೊಂಡವನು ಮತ್ತೆ ಗೂಡಿನಲ್ಲಿ ಇಟ್ಟ. ಆಮೇಲೆ ನೋಟುಬುಕ್ಕು ತಂದು, ಪಣತಿಯ ಪಕ್ಕದಲ್ಲಿ ಚಕ್ಕಳಬಕ್ಕಳ ಹಾಕಿ ಕೂತು, ಎರಡನೆಯ ದಿನದಿಂದ ಶುರುಮಾಡಿದ. ಬೆಳಕಿನ ಅಂಕಣದಲ್ಲಿ ತಾನು ಬರೆದ ಒಂದೊಂದು "ಇಲ್ಲ"ಕ್ಕೂ ಗೆರೆ ಎಳೆದು, ಪಕ್ಕದಲ್ಲಿ ದುಂಡಾಗಿ "ಇತ್ತು" ಎಂದು ತಿದ್ದುತ್ತ ಹೋದ.